ಆರ್ಕನ್ಸಾ ನದಿಯ ಹನ್ನೊಂದು ತೆನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಅಮೇರಿಕ, ಅಲ್ಲಿಯ ನದಿ, ವಿಮಾನದಲ್ಲಿ ಗೊಬ್ಬರ ಚೆಲ್ಲುವ ಗದ್ದೆ ಎಲ್ಲವೂ ಆ ಸಿಟ್ಟಿನ ಬೆನ್ನು ಹಿಡಿದೇ ನನ್ನ ಸಂಸಾರದೊಳಗೆ ಬಂದವು. ಇಲ್ಲದಿದ್ದರೆ ಉಡುಪಿ ಕಡೆಯ ಹೆಂಗಸಿಗೆ, ಅದೂ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತವಳಿಗೆ, ಆರ್ಕನ್ಸಾ ಎಂಬ ರಾಜ್ಯದ ಉಸಾಬರಿ ಯಾಕೆ?

ದೋಹಾದ ಅಬು ಹಮೂರಿನಲ್ಲಿ ನಮ್ಮ ಚರ್ಚು ತೆರೆದ ವರ್ಷ ಅದು. ಜುಲೈಯಲ್ಲಿ ರಜೆಗೆ ಊರಿಗೆ ಹೋದೆವು. ಗಂಡ, ಮಗಳು, ಮಗ, ನಾನು, ಐದು ಸೂಟ್‌ಕೇಸು. ಬಜ್ಪೆ ವಿಮಾನ ನಿಲ್ದಾಣಕ್ಕೆ ಜೀಪು ತರುತ್ತೇನೆ ಎಂದಿದ್ದ ನನ್ನ ಅಣ್ಣ ಬರಲಿಲ್ಲ. ಫೋನೂ ಎತ್ತಲಿಲ್ಲ. ಎರಡು ತಾಸು ಮಳೆ ನೋಡುತ್ತ ನಿಂತು, ಕೊನೆಗೆ ಟ್ಯಾಕ್ಸಿ ಮಾಡಿ ತವರಿಗೆ ಹೋದರೆ, ಅವನು ಜಗಲಿಯಲ್ಲಿ ನೆರೆಯವರ ಜೊತೆ ಕೂತು ಚಾ ಕುಡಿಯುತ್ತಿದ್ದ. ಜೀಪು ಕೆಟ್ಟಿದೆಯಂತೆ. ನಾನು ಚಪ್ಪಲಿ ಕಳಚುವ ಮೊದಲೇ, ಅಷ್ಟು ಜನರ ಎದುರಿಗೆ, "ನಿಂಗೆ ತಂಗಿ ಎಂತಕ್ಕೆ? ಅವಳ ಸೂಟ್‌ಕೇಸ್ ಬಂದ್ರೆ ಸಾಕಲ್ವಾ?" ಎಂದುಬಿಟ್ಟೆ. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ಅದು ಇನ್ನೂ ಖಾರವಾಗಿತ್ತು.

ಅಣ್ಣ ಜಗಳಕ್ಕೆ ಜಗಳ ಮಾಡಿದ್ದರೆ ಊಟದ ಹೊತ್ತಿಗೆ ಎಲ್ಲ ಸರಿಯಾಗುತ್ತಿತ್ತು. ನಮ್ಮದು ಹಾಗೆ ಬೈದಾಡಿಕೊಂಡೇ ಬೆಳೆದ ಮನೆ. ಅವನು ಸುಮ್ಮನೆ ಎದ್ದು ಸೂಟ್‌ಕೇಸುಗಳನ್ನು ಒಳಗೆ ಇಟ್ಟ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಮೂರನೆಯ ದಿನವೇ ಗಂಡನ ಮನೆಗೆ ಹೊರಟೆ. ರಜೆ ಮುಗಿಯುವವರೆಗೆ ಆ ಕಡೆ ತಲೆ ಹಾಕಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಅಮ್ಮ ಹೇಳುತ್ತಿದ್ದಳು. ಅವಳು ಇದ್ದಿದ್ದರೆ ಅವತ್ತು ನನ್ನ ಕಿವಿ ಹಿಂಡುತ್ತಿದ್ದಳು.

ಇನ್ನು ತೆನೆಯ ವಿಷಯ. ಸೆಪ್ಟೆಂಬರ್ ಎಂಟರಂದು ನಮ್ಮ ಕಡೆಯ ಕ್ರೈಸ್ತರಿಗೆ ತೆನೆ ಹಬ್ಬ. ದೇವಮಾತೆಯ ಹುಟ್ಟುಹಬ್ಬವೂ ಹೌದು, ಹೊಸ ಅಕ್ಕಿಯ ಹಬ್ಬವೂ ಹೌದು. ಮಕ್ಕಳು ಬುಟ್ಟಿಯಲ್ಲಿ ಹೂವು ಒಯ್ಯುತ್ತಾರೆ, ಫಾದರ್ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ಕಾಳು ಸುಲಿದು ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಆ ಮೇಲೆಯೇ ಊಟ. ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ಪಲ್ಯಗಳು ಮೂರೋ ಐದೋ ಏಳೋ, ಬೆಸ ಸಂಖ್ಯೆಯಲ್ಲಿಯೇ ಇರಬೇಕು. ದೂರ ಇರುವವರಿಗೆ ತಲೆಗೊಂದು ತೆನೆ ತೆಗೆದಿಟ್ಟು ಕಳಿಸುತ್ತಾರೆ. ತೆನೆ ಬಂತೆಂದರೆ ನೀನು ಇನ್ನೂ ಆ ಮನೆಯ ಲೆಕ್ಕದಲ್ಲಿ ಇದ್ದೀ ಎಂದು ಅರ್ಥ.

ನಮ್ಮ ಮನೆಗೆ ಇದರಲ್ಲಿ ಸ್ವಲ್ಪ ಜಂಭವೂ ಇತ್ತು. ಅಪ್ಪನ ಕಾಲದಿಂದಲೂ ಚರ್ಚಿಗೆ ತೆನೆ ಹೋಗುತ್ತಿದ್ದದ್ದು ನಮ್ಮ ಗದ್ದೆಯಿಂದ. ಹಬ್ಬದ ಹಿಂದಿನ ದಿನ ಕೊಯ್ದು ಅಪ್ಪ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಅವರ ನಂತರ ಅಣ್ಣ. ನಾನು ದೋಹಾಕ್ಕೆ ಬಂದ ಮೇಲೆ ಪ್ರತಿ ವರ್ಷ, ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ನಾಲ್ಕು ತೆನೆ ಉದ್ದನೆಯ ಕವರಿನಲ್ಲಿ ನನ್ನ ಆಫೀಸಿನ ಪೋಸ್ಟ್ ಬಾಕ್ಸಿಗೆ ಬರುತ್ತಿತ್ತು. ಕಾಗದ ಇಲ್ಲ, ಸುದ್ದಿ ಇಲ್ಲ, ತೆನೆ ಮಾತ್ರ. ಕವರು ಹದಿನೈದಕ್ಕೆ ಬಂದರೆ ನಮಗೆ ಹದಿನೈದಕ್ಕೆ ಹಬ್ಬ.

ಆ ವರ್ಷ ಕವರು ಬರಲಿಲ್ಲ.

ನನ್ನ ಕೆಲಸವೇ ಡಾಕ್ಯುಮೆಂಟ್ ಕಂಟ್ರೋಲರ್. ರಸ್ತೆ, ಪೈಪು ಹಾಕುವ ಒಂದು ಕಂಪನಿ. ಅಲ್ಲಿಗೆ ಬರುವ ಪ್ರತಿ ನಕ್ಷೆ, ಪ್ರತಿ ಪತ್ರ ಮೊದಲು ನನ್ನ ಮೇಜಿಗೆ ಬಂದು, ನನ್ನ ನೀಲಿ ಮೊಹರು ಬಿದ್ದ ಮೇಲೆಯೇ ಮುಂದೆ ಹೋಗಬೇಕು. ಒಂದು ಹಾಳೆ ಕಳೆದುಹೋದರೆ ನನಗೆ ಊಟ ಸೇರುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ದಿನಾ ಪೋಸ್ಟ್ ಚೀಲ ಸುರಿದು, ಊರವರದ್ದಕ್ಕೆಲ್ಲ ಮೊಹರು ಒತ್ತಿದೆ, ನನ್ನದೊಂದು ಬಿಟ್ಟು. ಅಕ್ಟೋಬರ್ ಬಂತು. ಪೋಸ್ಟಿನವರ ತಪ್ಪಿರಬಹುದು ಎಂದು ಗಂಡ ಹೇಳಿದರು.

"ಎಂತ ಪೋಸ್ಟು? ಅಣ್ಣ ನನ್ನನ್ನು ಲೆಕ್ಕದಿಂದ ತೆಗೆದ. ಖಲಾಸ್," ಎಂದೆ.

"ಒಂದು ಫೋನ್ ಮಾಡಿ ಕೇಳ್ಬಹುದಲ್ಲ ಮಾರಾಯ್ತಿ."

"ನಾನಾ? ಸತ್ತರೂ ಇಲ್ಲ."

ಹೊರಗೆ ಹೀಗೆ ಗತ್ತು. ಒಳಗೆ ಮಾತ್ರ ಹೆದರಿಕೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದದ್ದು ಆ ಕವರೊಂದೇ. ಚರ್ಚಿನಲ್ಲಿ ಯಾರೋ ಊರಿಂದ ತಂದ ತೆನೆಯ ಕಾಳನ್ನು ತಲೆಗೊಂದರಂತೆ ಹಂಚಿದ್ದರು. ತಿಂದೆವು. ಹಂಚಿದ ಕಾಳು ಹಂಚಿದ್ದೇ, ಮನೆಯದ್ದು ಆಗುವುದಿಲ್ಲ ಎಂದು ಮನಸ್ಸು ಗೊಣಗಿತು.

ಆ ಸೆಪ್ಟೆಂಬರ್ ತಿಂಗಳಿಡೀ ರಂಜಾನ್. ಆಫೀಸಿನಲ್ಲಿ ಉಪವಾಸ ಇಲ್ಲದವರು ಪ್ಯಾಂಟ್ರಿಯ ಬಾಗಿಲು ಹಾಕಿ, ಗಾಜಿಗೆ ಹಳೆ ನಕ್ಷೆ ಅಂಟಿಸಿ, ಒಳಗೆ ಬುತ್ತಿ ಬಿಚ್ಚುತ್ತಿದ್ದೆವು. ಹೆಚ್ಚಿನ ದಿನ ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಬಂದ ಅಮೇರಿಕದ ಹೆಂಗಸು. ಐವತ್ತು ದಾಟಿದವರು, ಆರಡಿ ಎತ್ತರ, ಗಂಡಸರ ಅಂಗಿ. ಮಾತು ಎಷ್ಟು ನಿಧಾನ ಎಂದರೆ ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾನು ಅರ್ಧ ಊಟ ಮುಗಿಸಿರುತ್ತಿದ್ದೆ. ಮೊದಲ ದಿನವೇ ನನ್ನ ಡಬ್ಬಿಯ ಕೆಂಪು ಕುಚ್ಚಲಕ್ಕಿ ಅನ್ನವನ್ನು ಬಗ್ಗಿ ನೋಡಿ, "ಈ ಅಕ್ಕಿಗೆ ಏನಾಯಿತು?" ಎಂದು ಮರುಕದಿಂದ ಕೇಳಿದರು. ನನಗೆ ಉರಿದುಹೋಯಿತು. ಅವರ ಡಬ್ಬಿಯಲ್ಲೂ ಅನ್ನವೇ ಇತ್ತು. ಬೆಳ್ಳಗೆ, ಉದ್ದುದ್ದ, ಒಂದಕ್ಕೊಂದು ಮುಟ್ಟದ ಅನ್ನ. ಅದರ ಮೇಲೆ ಬೆಣ್ಣೆ ಮತ್ತು ಸಕ್ಕರೆ.

"ನಿಮ್ಮ ಅನ್ನಕ್ಕೆ ಎಂತ ಆಗಿದೆ?" ಎಂದು ನಾನೂ ಕೇಳಿದೆ.

ಅವರು ಮೇಜು ಕುಟ್ಟಿ ನಕ್ಕರು. ಅಲ್ಲಿಂದ ನಮಗೆ ಸ್ನೇಹವಾಯಿತು. ಅವರ ಅಪ್ಪ ಭತ್ತ ಬೆಳೆಯುವವರು. ಅಮೇರಿಕದಲ್ಲಿ ಭತ್ತವೇ ಎಂದು ನಾನು ಬಾಯಿ ತೆರೆದೆ. ಅಮೇರಿಕ ಎಂದರೆ ನನಗೆ ಗೋಧಿ ಬ್ರೆಡ್ಡು, ಎತ್ತರದ ಕಟ್ಟಡ. ಅವರು ಪ್ಯಾಂಟ್ರಿಯ ಕಾಗದದ ಕರವಸ್ತ್ರದ ಮೇಲೆ ಪೆನ್ನಿನಿಂದ ತಮ್ಮ ರಾಜ್ಯ ಬರೆದು ತೋರಿಸಿದರು. ದಕ್ಷಿಣದ ರಾಜ್ಯ, ಹೆಸರು ಆರ್ಕನ್ಸಾ. ಹೆಸರಿನ ಕೊನೆಗೆ ಬರೆಯುವ ಒಂದು ಅಕ್ಷರವನ್ನು ಹೇಳಬಾರದು ಎಂದು ಅವರ ಶಾಸನಸಭೆಯೇ ಹಿಂದಿನ ಕಾಲದಲ್ಲಿ ಠರಾವು ಮಾಡಿದೆಯಂತೆ. ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳಿದೆ. ಇರಲಿಲ್ಲ ಅಂತ ಕಾಣುತ್ತದೆ ಎಂದರು.

ದೇಶದ ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು ಭತ್ತ ಬೆಳೆಯುವುದು ಅಲ್ಲಿಯೇ. ಮೇಲಿನ ಮಣ್ಣಿನ ಕೆಳಗೆ ಗಟ್ಟಿ ಜೇಡಿಯ ಪದರ ಇದೆಯಂತೆ, ನೀರು ಕೆಳಗೆ ಇಳಿಯುವುದಿಲ್ಲ, ಗದ್ದೆಯಲ್ಲಿ ನಿಲ್ಲುತ್ತದೆ. ಇಷ್ಟು ನನಗೆ ಅರ್ಥವಾಯಿತು. "ನೇಜಿ ನೆಡುವುದು ಯಾರು?" ಎಂದೆ. ಯಾರೂ ಇಲ್ಲ. ಯಂತ್ರದಲ್ಲಿ ಬಿತ್ತುತ್ತಾರೆ. ನೀರು ನಿಂತ ಮೇಲೆ ಗೊಬ್ಬರ ಚೆಲ್ಲುವುದು ವಿಮಾನದಲ್ಲಿ. ಕೆಲವರು ಬೀಜವನ್ನೂ ವಿಮಾನದಿಂದಲೇ ಬಿತ್ತುತ್ತಾರಂತೆ. ಮಳೆಯಲ್ಲಿ ಓಲೆಯ ಗೊರಬೆ ಹೊದ್ದು, ಸೊಂಟ ಮುರಿಯುವಂತೆ ಬಗ್ಗಿ ನೆಟ್ಟ ನನ್ನ ಅಮ್ಮನನ್ನು ನೆನೆದು ನನಗೆ ನಗುವೂ ಬಂತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ನಾವು ವಿಮಾನ ಹತ್ತಿ ಗಲ್ಫಿಗೆ ಬಂದದ್ದು ಗದ್ದೆ ಬಿಟ್ಟು. ಅವರು ಗದ್ದೆಗೇ ವಿಮಾನ ತರಿಸಿದ್ದರು.

ಆಮೇಲೆ ಅವರ ನದಿ. ಅದರ ಹೆಸರೂ ಆರ್ಕನ್ಸಾ. ಪಶ್ಚಿಮದ ಕೊಲೊರಾಡೊ ಎಂಬ ರಾಜ್ಯದ ಹಿಮದ ಬೆಟ್ಟಗಳಲ್ಲಿ ಹುಟ್ಟಿ, ಇನ್ನೆರಡು ರಾಜ್ಯ ದಾಟಿ ಇವರಲ್ಲಿಗೆ ಬಂದು, ಕೊನೆಗೆ ದೊಡ್ಡ ಮಿಸಿಸಿಪ್ಪಿಗೆ ಸೇರುತ್ತದೆ. ಎರಡು ಸಾವಿರದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ. ನಡುವಿನ ರಾಜ್ಯವೊಂದರಲ್ಲಿ ಜನ ಇದೇ ನದಿಯ ಹೆಸರನ್ನು ಬೇರೆ ರೀತಿ ಉಚ್ಚರಿಸುತ್ತಾರೆ, ಅದನ್ನು ಕೇಳಿದರೆ ಇವರ ಅಪ್ಪನಿಗೆ ಆಗುವುದಿಲ್ಲ. ರಾಜಧಾನಿ ಇರುವುದು ಆ ನದಿಯ ದಂಡೆಯಲ್ಲಿ. ದಂಡೆಯಲ್ಲಿದ್ದ ಒಂದು ಸಣ್ಣ ಬಂಡೆಯಿಂದಲೇ ಆ ಊರಿಗೆ 'ಸಣ್ಣ ಬಂಡೆ' ಎಂದು ಹೆಸರು. ನೀರು ಕೆಂಚು ಕೆಂಚು, ಮಣ್ಣು ಹೊತ್ತು ಬರುತ್ತದೆ. ಅಣೆಕಟ್ಟು, ಬಾಗಿಲು ಕಟ್ಟಿ ನದಿಯನ್ನು ಮೆಟ್ಟಿಲು ಮೆಟ್ಟಿಲು ಮಾಡಿದ್ದಾರೆ, ಧಾನ್ಯ ತುಂಬಿದ ದೋಣಿಗಳು ಅದರಲ್ಲಿ ಇಳಿದು ಸಮುದ್ರದವರೆಗೆ ಹೋಗುತ್ತವೆ. ಚಳಿಗಾಲದಲ್ಲಿ ಕೊಯ್ದ ಗದ್ದೆಗೆ ನೀರು ಬಿಟ್ಟರೆ ಉತ್ತರದಿಂದ ಬಾತುಕೋಳಿಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಇನ್ನೊಂದು ಕಡೆ ಒಂದು ಹೊಲ ಇದೆಯಂತೆ, ಯಾರು ಬೇಕಾದರೂ ಟಿಕೆಟು ತೆಗೆದು ಅಗೆದು, ವಜ್ರ ಸಿಕ್ಕಿದರೆ ಮನೆಗೆ ಒಯ್ಯಬಹುದು.

"ನಿಮ್ಮ ನದಿ ಎಷ್ಟು ಉದ್ದ?" ಎಂದು ಅವರು ಕೇಳಿದರು. ನಮ್ಮ ಹೊಳೆ ಘಟ್ಟದಲ್ಲಿ ಬೆಳಿಗ್ಗೆ ಹೊರಟರೆ ಸಂಜೆ ಚಾ ಹೊತ್ತಿಗೆ ಸಮುದ್ರದಲ್ಲಿ ಇರುತ್ತದೆ. ನಾನು ಗಂಭೀರವಾಗಿ, "ಉದ್ದ ಉಂಟು," ಎಂದೆ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಮಕ್ಕಳಿಗೆ ಒಪ್ಪಿಸುವುದು ನನಗೆ ಚಟವಾಯಿತು. ಗಂಡ ಹಾರ್ಡ್‌ವೇರ್ ಸ್ಟೋರಿನಿಂದ ಬಂದು ಶೂ ಬಿಚ್ಚುತ್ತಲೇ, "ಇವತ್ತು ಆರ್ಕನ್ಸಾದಲ್ಲಿ ಎಂತ ವಿಶೇಷ? ಮಳೆ ಉಂಟಾ?" ಎಂದು ಕೇಳುತ್ತಿದ್ದರು. ಮಗ ವಜ್ರದ ಹೊಲಕ್ಕೆ ಹೋಗುವ ಎಂದು ಹಟ ಹಿಡಿದ. ಆಫೀಸಿನಲ್ಲಿ ಅವರು ನನಗೆ 'ಆರ್ಕನ್ಸಾ ಮೇಡಂ' ಆದರು. ಆ ಹೆಸರು ಅವರಿಗೂ ಇಷ್ಟವಾಯಿತು.

ಹೀಗೆ ಒಂದು ವರ್ಷ ಹೋಯಿತು. ಕ್ರಿಸ್ಮಸ್ಸಿಗೆ ಅಣ್ಣನಿಗೆ ಫೋನ್ ಮಾಡಿದೆ. "ಹೇಗಿದ್ದೀ?" "ಇದ್ದೇನೆ." "ಅತ್ತೆ?" "ಇದ್ದಾಳೆ." ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ಮದುವೆಯಾಗದೆ ಆ ಮನೆಯಲ್ಲಿಯೇ ಉಳಿದವಳು. ಅಷ್ಟಕ್ಕೆ ಮಾತು ಮುಗಿಯಿತು. ತೆನೆಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಬೇಸಿಗೆ ಊರಿಗೆ ಹೋಗಲಿಲ್ಲ. ಟಿಕೆಟು ದುಬಾರಿ ಎಂದು ಎಲ್ಲರಿಗೂ ಹೇಳಿದೆ.

ಆರ್ಕನ್ಸಾ ಮೇಡಂ ಮಾತ್ರ ಜುಲೈ ಕೊನೆಗೆ ರಜೆಗೆ ಹೊರಟರು. ಹೊರಡುವ ಮೊದಲು, ನಿನಗೆ ಏನು ತರಲಿ ಎಂದು ಕೇಳಿದರು. ಜನ ಸೆಂಟು ಚಾಕಲೇಟು ಕೇಳುತ್ತಾರೆ. ನನಗೆ ಆ ಕ್ಷಣ ಏನಾಯಿತೋ, "ನಿಮ್ಮ ಅಪ್ಪನ ಗದ್ದೆಯ ತೆನೆ ತಂದುಕೊಡಿ," ಎಂದೆ. ಹಬ್ಬದ ಕಥೆ ಪೂರ್ತಿ ಹೇಳಿದೆ, ಬಾರದ ಕವರೊಂದನ್ನು ಬಿಟ್ಟು. ಆಗಸ್ಟ್ ಕೊನೆಗೆ ಅಲ್ಲಿ ಕೊಯ್ಲು ಶುರುವಾಗಿರುತ್ತದಂತೆ, ಸಮಯಕ್ಕೆ ಸರಿ. ಪ್ಲಾನಿಂಗ್ ಮನುಷ್ಯರಲ್ಲವೇ, ಕೂಡಲೇ ಡೈರಿ ತೆಗೆದರು.

"ಎಷ್ಟು ಬೇಕು?"

"ಮನೆಯಲ್ಲಿ ತಲೆಗೊಂದು."

"ಎಷ್ಟು ತಲೆ?"

ನಾನು ಬೆರಳ ಗೆಣ್ಣು ಎಣಿಸಿದೆ. ಅಮ್ಮ ಎಣಿಸುತ್ತಿದ್ದ ಹಾಗೆಯೇ ಬಾಯೊಳಗೆ ಗೊಣಗುತ್ತ ಎಣಿಸಿ, "ಹನ್ನೊಂದು," ಎಂದೆ. ಅವರು ಬರೆದುಕೊಂಡರು.

ಮನೆಯಲ್ಲಿ ಗಂಡನಿಗೆ ವಿಷಯ ಹೇಳಿದಾಗ ಅವರು ಹುಬ್ಬು ಏರಿಸಿದರು. "ಚರ್ಚಿನಲ್ಲಿ ಹಂಚುವ ಊರಿನ ಕಾಳು ನಿಂಗೆ ಆಗುದಿಲ್ಲ, ಅಮೇರಿಕದ್ದು ಆಗ್ತದಾ?"

"ಆಗ್ತದೆ. ಅದು ನಾನು ಹೇಳಿ ತರಿಸಿದ್ದು. ಯಾರ ಹಂಗೂ ಇಲ್ಲ."

"ಹೌದಪ್ಪ. ನಿನ್ನ ಸಿಟ್ಟಿಗೆ ಪಾಸ್‌ಪೋರ್ಟ್ ಮಾಡಿಸ್ಬೇಕು," ಎಂದರು ಅವರು.

ಸೆಪ್ಟೆಂಬರ್ ಮೊದಲ ವಾರ ಮೇಡಂ ಹಿಂದೆ ಬಂದರು. ನಾವು ನಕ್ಷೆ ಸುತ್ತಿಡುವ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟು, ಮೊಹರು ಒತ್ತು ಎಂದರು. ಮುಚ್ಚಳ ತೆಗೆದು ಬಗ್ಗಿಸಿದೆ. ಪತ್ರಿಕೆಯ ಹಾಳೆಯಲ್ಲಿ ಸುತ್ತಿದ, ಕೆಂಪು ದಾರ ಕಟ್ಟಿದ ತೆನೆಗಳು ಹೊರಗೆ ಬಂದವು. ಬಂಗಾರದ ಬಣ್ಣ, ನಮ್ಮದಕ್ಕಿಂತ ಉದ್ದ ಕಾಳು. ಮೂಗಿಗೆ ಹಿಡಿದೆ. ಭತ್ತದ ವಾಸನೆ ಎಲ್ಲಿಯದ್ದಾದರೂ ಒಂದೇ. ಎಂಬತ್ತು ದಾಟಿದ ಅವರ ಅಪ್ಪ ಕೊಯ್ಲಿನ ಯಂತ್ರ ನಿಲ್ಲಿಸಿ ಇಳಿದು, ಕಿಸೆಯ ಚಾಕುವಿನಿಂದ ಒಂದೊಂದನ್ನೇ ಆರಿಸಿ ಕೊಯ್ದರಂತೆ. ಒಂದು ಕಾಳೂ ಪೊಳ್ಳು ಇರಬಾರದು, ಅಲ್ಲಿ ಯಾರದೋ ಮನೆಯವರೆಲ್ಲ ತಿನ್ನುವುದು ಎಂದು ಮಗಳಿಗೆ ಹೇಳಿದರಂತೆ.

"ನಿಮ್ಮ ಹನ್ನೊಂದು ಜನರಿಗೂ," ಎಂದು ಮೇಡಂ ನಕ್ಕರು. "ಆ ಸಣ್ಣ ಫ್ಲ್ಯಾಟಿನಲ್ಲಿ ಹನ್ನೊಂದು ಜನ ಹೇಗೆ ಮಲಗುತ್ತೀರಿ ಎಂದು ಅಪ್ಪ ಕೇಳುತ್ತಿದ್ದರು."

ಆಗ ನನಗೆ ಹೊಳೆಯಿತು. ನಾವು ಇದ್ದದ್ದು ನಾಲ್ಕೇ ಜನ. ಉಳಿದ ಏಳು ಎಲ್ಲಿಂದ ಬಂತು ಎಂದು ಮತ್ತೆ ಗೆಣ್ಣು ಹಿಡಿದೆ. ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು, ಅತ್ತೆ, ಕಾನ್ವೆಂಟಿನಲ್ಲಿರುವ ನನ್ನ ತಂಗಿ. ಹಬ್ಬದ ಲೆಕ್ಕ ಎಂದರೆ ನನ್ನ ಬೆರಳಿಗೆ ಗೊತ್ತಿದ್ದದ್ದು ಅದೊಂದೇ. ಒಂದು ವರ್ಷ ಹಲ್ಲು ಕಚ್ಚಿ ಹೊತ್ತ ಹಟವನ್ನು ನನ್ನ ಬೆರಳುಗಳೇ ನನ್ನನ್ನು ಕೇಳದೆ ಬಿಟ್ಟುಕೊಟ್ಟಿದ್ದವು. ಮೇಡಮ್ಮನ್ನು ಶುಕ್ರವಾರ ಊಟಕ್ಕೆ ಕರೆದೆ.

ಗಲ್ಫಿನಲ್ಲಿ ಎಲ್ಲ ಹಬ್ಬವೂ ರಜೆಯಿರುವ ಶುಕ್ರವಾರವೇ. ಅಬು ಹಮೂರಿನ ಚರ್ಚಿನ ಅಂಗಳದಲ್ಲಿ ಆವತ್ತು ಬೆಳಿಗ್ಗೆಯೇ ಬಿಸಿಲು ಕುಕ್ಕುತ್ತಿತ್ತು. ಮಗಳು ಸೂಪರ್‌ಮಾರ್ಕೆಟಿನ ಹೂವು ಹಿಡಿದು ಸಾಲಿನಲ್ಲಿ ನಿಂತಿದ್ದಳು. ನಾನು ಕೆಂಪು ದಾರದ ಕಟ್ಟನ್ನು ಫಾದರ್ ಮುಂದೆ ಹಿಡಿದೆ.

"ಇದು ಯಾವ ಊರಿನ ಭತ್ತ? ಕಾಳು ಬೇರೆ ಥರ ಉಂಟಲ್ಲ," ಎಂದರು ಅವರು. ನಮ್ಮ ಕಡೆಯವರೇ.

"ಆರ್ಕನ್ಸಾ, ಫಾದರ್. ಅಮೇರಿಕ."

ಅವರು ಒಮ್ಮೆ ನನ್ನನ್ನು, ಒಮ್ಮೆ ತೆನೆಯನ್ನು ನೋಡಿ, "ದೇವರ ತಾಯಿಗೆ ವೀಸಾ ಎಲ್ಲ ಬೇಡ," ಎಂದು ನೀರು ಚಿಮುಕಿಸಿದರು.

ಮನೆಯಲ್ಲಿ ಐದು ಪಲ್ಯ ಮಾಡಿದ್ದೆ. ಬೆಂಡೆ, ಹರಿವೆ, ಅಲಸಂಡೆ, ಹೀರೆ, ಕೆಸುವಿನ ದಂಟು. ದಂಟಿಗಾಗಿ ಗಂಡ ಓಲ್ಡ್ ಏರ್‌ಪೋರ್ಟಿನ ಮೂರು ಮಲಬಾರಿ ಅಂಗಡಿ ಸುತ್ತಿದ್ದರು. ಎರಡರಲ್ಲಿ ಅರಬಿಯಲ್ಲಿ ಮಾಫಿ, ಅಂದರೆ ಇಲ್ಲ, ಎಂದರಂತೆ, ಮೂರನೆಯದರಲ್ಲಿ ಸಿಕ್ಕಿತು. ಮೇಡಂ ಬಾಳೆಲೆಯ ಮುಂದೆ ಉದ್ದ ಕಾಲು ಮಡಚಲಾಗದೆ ಒದ್ದಾಡಿ, ಕೋಳಿ ಯಾವಾಗ ಬರುತ್ತದೆ ಎಂದು ಮೆಲ್ಲಗೆ ನನ್ನ ಮಗಳನ್ನು ಕೇಳಿದರು. ಅವರ ರಾಜ್ಯದಲ್ಲಿ ಕೋಳಿ ಇಲ್ಲದ ಹಬ್ಬವೇ ಇಲ್ಲವಂತೆ. ಮಗಳು, "ಇವತ್ತು ಇಲ್ಲ ಆಂಟಿ, ನಾಳೆ ಬನ್ನಿ," ಎಂದಳು.

ನಾಲ್ಕು ತೆನೆಯ ಕಾಳನ್ನು ನಾನು ಸುಲಿದು ಅರೆದು ತೆಂಗಿನ ಹಾಲಿಗೆ ಹಾಕಿದ್ದೆ. ಗಂಡ ಚಮಚ ಹಿಡಿದು ಕೊಡಲು ಹೊರಟಾಗ ಮಗ ಮೇಜಿನ ಮೇಲೆ ಉಳಿದ ಕಟ್ಟು ನೋಡಿದ. "ಮಮ್ಮಿ, ಆ ಸೆವೆನ್ ಯಾರಿಗೆ?"

ನನ್ನ ಗಂಡ, ಹದಿನಾರು ವರ್ಷದಲ್ಲಿ ನನ್ನನ್ನು ಕೇಳದೆ ಒಂದು ಅಂಗಿಯನ್ನೂ ಕೊಳ್ಳದ ಮನುಷ್ಯ, ಚಮಚ ಕೆಳಗಿಟ್ಟು, ಫೋನ್ ತೆಗೆದು, ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು. ಆ ಕಡೆ ಅಣ್ಣ ಎತ್ತಿಯೂ ಬಿಟ್ಟ. ನಾನು ಫೋನ್ ಹಿಡಿದು ಅಡುಗೆಮನೆಗೆ ಹೋದೆ.

"ಹಬ್ಬದ ಊಟ ಆಯ್ತಾ?" ಎಂದೆ.

"ಹೂಂ. ಮೊನ್ನೆ ಎಂಟಕ್ಕೇ ಆಯ್ತಲ್ಲ." ಅವನ ಮಾತು ಯಾವತ್ತೂ ಅಳತೆ ಮಾಡಿ ಕೊಟ್ಟ ಹಾಗೆ.

ನಯವಾಗಿ ಕೇಳಬೇಕು ಎಂದುಕೊಂಡಿದ್ದೆ. ನನ್ನ ನಾಲಿಗೆಗೆ ನಯ ಎಲ್ಲಿಯದು? "ಹೋದ ವರ್ಷ ನನಗೆ ತೆನೆ ಕಳಿಸ್ಲಿಲ್ಲ ನೀನು. ಈ ವರ್ಷವೂ ಇಲ್ಲ. ನಾನು ಆ ಮನೆಯವಳು ಹೌದಾ ಅಲ್ವಾ? ಹೇಳಿಬಿಡು."

ಅವನು, "ಗದ್ದೆ ಇಲ್ಲ," ಎಂದ.

"ಎಂತ ಗದ್ದೆ ಇಲ್ಲ? ಮಾರಿದ್ಯಾ?"

"ಮಾರ್ಲಿಲ್ಲ. ಹಡಿಲು ಬಿಟ್ಟಿದ್ದೇನೆ. ನೆಡ್ಲಿಕ್ಕೆ ಜನ ಇಲ್ಲ, ನನ್ನ ಸೊಂಟಕ್ಕೆ ಆಗುದಿಲ್ಲ. ನೀನು ಕಳೆದ ಸಲ ಬಂದಾಗಲೇ ಹುಲ್ಲು ಎದೆ ಮಟ್ಟ ಇತ್ತು." ಆಮೇಲೆ ತಾನಾಗಿಯೇ, "ಜೀಪು ಕೆಟ್ಟಿರ್ಲಿಲ್ಲ. ನಿನ್ನನ್ನು ಕರ್ಕೊಂಡು ಕೆಳಗಿನ ದಾರಿಯಲ್ಲಿ ಬರ್ಲಿಕ್ಕೆ ಧೈರ್ಯ ಬರ್ಲಿಲ್ಲ," ಎಂದ.

ಬಜ್ಪೆಯಿಂದ ಬರುವಾಗ ಕೆಳಗಿನ ದಾರಿಯಲ್ಲಿಯೇ ಬರ್ಬೇಕು, ಮೊದಲು ಗದ್ದೆ ನೋಡ್ಬೇಕು ಎಂದು ಪ್ರತಿ ವರ್ಷ ಹಟ ಮಾಡುತ್ತಿದ್ದವಳು ನಾನೇ. ಆ ವರ್ಷ ಟ್ಯಾಕ್ಸಿಯವನು ಮೇಲಿನ ಡಾಮರು ರಸ್ತೆಯಲ್ಲಿ ತಂದಿದ್ದ. ಮೂರು ದಿನ ಆ ಮನೆಯಲ್ಲಿದ್ದರೂ ಮುಖ ಊದಿಸಿ ಕೂತಿದ್ದೆನೇ ಹೊರತು ಗುಡ್ಡ ಇಳಿದು ನೋಡಿರಲಿಲ್ಲ.

"ಚರ್ಚಿಗೆ ತೆನೆ ಯಾರದ್ದು?" ಎಂದು ಕೇಳಿದೆ.

"ಬೇರೆಯವರದ್ದು. ನಂಗೂ ಎಲ್ಲರ ಹಾಗೆ ಸಾಲಿನಲ್ಲಿ ಸಿಕ್ಕಿತು. ಅದನ್ನು ನಿಂಗೆ ಯಾವ ಮುಖ ಇಟ್ಕೊಂಡು ಕಳಿಸುದು? ಸೂಟ್‌ಕೇಸಿಗೆ ಕಾಯುವವ ಅಂತ ಹೇಳಿಸ್ಕೊಂಡಾಯ್ತು. ಇನ್ನು ಬೇರೆಯವರ ಗದ್ದೆಯದ್ದು ನಮ್ಮದು ಅಂತ ಕಳಿಸ್ಬೇಕಾ?"

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಜೀವನದಲ್ಲಿ ಆದದ್ದಿಲ್ಲ. ಆವತ್ತು ಆಡಿದ್ದು ತಪ್ಪಾಯಿತು ಎಂದೆ. ಆಯ್ತು ಬಿಡು, ನಿನ್ನ ಬಾಯಿ ನಂಗೆ ಗೊತ್ತಿಲ್ವಾ ಎಂದ. ನಾನು ಮೂಗು ಒರೆಸಿಕೊಂಡು, ನನ್ನ ಹತ್ತಿರ ಅಮೇರಿಕದ ತೆನೆ ಉಂಟು, ನಿಮಗೆ ಏಳು ಕಳಿಸುತ್ತೇನೆ ಎಂದೆ. ಅವನು ನಂಬಲಿಲ್ಲ. ಅಮೇರಿಕದಲ್ಲಿ ಎಲ್ಲಿಯ ಭತ್ತ ಎಂದ. ನಾನು ಅಡುಗೆಮನೆಯಲ್ಲಿ ನಿಂತು, ಹಿಮದ ಬೆಟ್ಟದಿಂದ ಹಿಡಿದು ಬಾತುಕೋಳಿಯವರೆಗೆ ಪೂರ್ತಿ ಒಪ್ಪಿಸಿದೆ. ವಿಮಾನದಲ್ಲಿ ಗೊಬ್ಬರ ಚೆಲ್ಲುತ್ತಾರೆ ಎಂದಾಗ ಮೊದಲ ಸಲ ನಕ್ಕ. "ನಮ್ಮ ಗದ್ದೆಗೂ ಒಂದು ವಿಮಾನ ಕಳಿಸು ಮಾರಾಯ್ತಿ," ಎಂದ. ಹೊರಗೆ ಬರುವಾಗ ಪಲ್ಯ ತಣ್ಣಗಾಗಿತ್ತು. ಮೇಡಂ ಮಾತ್ರ ಪಾಯಸದಂತಿದ್ದ ಹೊಸ ಅಕ್ಕಿಯನ್ನು ಎರಡನೆಯ ಸಲ ಬಡಿಸಿಕೊಂಡಿದ್ದರು. ಕೊನೆಗೂ ನಮ್ಮವರು ಅನ್ನಕ್ಕೆ ಸಿಹಿ ಹಾಕಲು ಕಲಿತರು ಎಂದು ಅವರಿಗೆ ಸಮಾಧಾನ.

ನಮ್ಮ ಚರ್ಚಿನವರೇ, ದೋಹಾದ ಅಲ್ ಥುಮಾಮಾ ಕಡೆ ಮನೆಯಿರುವ ಒಬ್ಬರು, ಭಾನುವಾರ ಮಂಗಳೂರಿಗೆ ಹೊರಟಿದ್ದರು. ಊರಿಗೆ ಹೋಗುವವರ ಮನೆ ಆ ಕಾಲದಲ್ಲಿ ಅಂಚೆ ಕಚೇರಿಯೇ. ಸೂಟ್‌ಕೇಸಿನ ಮೇಲೆ ಒಬ್ಬರು ಕೂತಿದ್ದರೆ ಇನ್ನೊಬ್ಬರು ಜಿಪ್ ಎಳೆಯುತ್ತಿದ್ದರು. ನಾನು ಕೊಳವೆ ಹಿಡಿದು ಬಾಗಿಲಲ್ಲಿ ನಿಂತದ್ದು ನೋಡಿ, "ಅಯ್ಯೋ, ಇನ್ನು ಜಾಗ ಇಲ್ಲ," ಎಂದರು. ಒಳಗೆ ಏನೆಂದು ಹೇಳಿದ ಮೇಲೆ ತಮ್ಮದೇ ಎರಡು ಹಾಲಿನ ಪುಡಿಯ ಡಬ್ಬಿ ತೆಗೆದು ಜಾಗ ಮಾಡಿದರು.

ಹತ್ತು ದಿನ ಕಳೆದು ಅಣ್ಣನ ಫೋನ್ ಬಂತು. ಊರಿನವರು ಮಿಸ್ಡ್ ಕಾಲ್ ಕೊಡುತ್ತಾರೆ, ಗಲ್ಫಿನವರು ತಿರುಗಿ ಮಾಡಬೇಕು, ಅದು ನಿಯಮ. ನಾನು ಕಟ್ ಮಾಡಿ ಮಾಡುತ್ತೇನೆ ಎಂದೆ. "ಬೇಡ, ಇಡ್ಬೇಡ," ಎಂದ. ತೆನೆ ಸಿಕ್ಕಿತಂತೆ. ಕಾನ್ವೆಂಟಿನಿಂದ ತಂಗಿಯನ್ನೂ ಒಂದು ಹೊತ್ತಿಗೆ ಕರೆಸಿ ಇನ್ನೊಮ್ಮೆ ಹಬ್ಬ ಮಾಡಿದರಂತೆ. ಕಾಳಿಗೆ ರುಚಿ ಕಡಿಮೆ, ಆದರೆ ಒಂದೂ ಪೊಳ್ಳು ಇರಲಿಲ್ಲ ಎಂದ.

"ಅತ್ತೆ ಕೇಳಿದ್ಳು, ಇದು ಯಾವ ಗದ್ದೆಯದ್ದು ಅಂತ. ಅವಳಿಗೆ ಅಮೇರಿಕ ಎಲ್ಲ ಹೇಳಿದ್ರೆ ಅರ್ಥ ಆಗುದಿಲ್ಲ. ತಂಗಿಯ ಮನೆಯದ್ದು ಅಂತ ಹೇಳಿದೆ."

"ಒಳ್ಳೇದಾಯ್ತು," ಎಂದೆ.

ಅವನು ಫೋನ್ ಇಡಲಿಲ್ಲ. ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು. ನಂತರ, ಚಿಕ್ಕಂದಿನಲ್ಲಿ ನನ್ನ ಪಾಲಿನ ಕಬ್ಬು ಕೇಳುವಾಗ ಕೇಳುತ್ತಿದ್ದಷ್ಟೇ ಸಣ್ಣ ಸ್ವರದಲ್ಲಿ, "ಬರುವ ವರ್ಷವೂ ನೀನೇ ಕಳಿಸ್ತೀಯಾ?" ಎಂದ.

ನನಗೆ ಬೇಕಾಗಿದ್ದದ್ದು ಅವನ ಕೈಯ ಕವರು. ಕಾಯಲು ಒಂದು ಮನೆ ಬೇಕಿತ್ತು. ಈಗ ಅವನೇ, ನನ್ನ ಹಿರಿಯಣ್ಣ, ನನ್ನ ಕವರಿಗೆ ಕಾಯುತ್ತೇನೆ ಎನ್ನುತ್ತಿದ್ದ. ಕಳಿಸುತ್ತೇನೆ ಎಂದು ಹೇಗೋ ಹೇಳಿ ಫೋನ್ ಇಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಮರುದಿನ ಆಫೀಸಿಗೆ ಹೋದವಳೇ ಆರ್ಕನ್ಸಾ ಮೇಡಮ್ಮಿನ ಮೇಜಿನ ಹತ್ತಿರ ನಿಂತು, ನಿಮ್ಮ ಅಪ್ಪ ಬರುವ ವರ್ಷವೂ ಭತ್ತ ಹಾಕುತ್ತಾರಲ್ಲವೇ ಎಂದು ಕೇಳಿದೆ.